ಬೆನ್ನಷ್ಟೇ ಕಂಡವನು

ಅವಳು ಮೊದಲು ನೋಡಿದ್ದು ಅವನ ಬೆನ್ನನ್ನು.

ಇಪ್ಪತ್ತೈದು ಮೂವತ್ತು ಜನರನ್ನು ಹಿಂದೆ ಕಟ್ಟಿಕೊಂಡು, ಎಡಗಾಲನ್ನು ತುಸುವೇ ಎಳೆಯುತ್ತ, ಸ್ಟುಡಿಯೋದ ಗೈಡ್ ಮುಂದೆ ನಡೆಯುತ್ತಿದ್ದ. ನೀಲಿ ಸಮವಸ್ತ್ರ, ಸೊಂಟಕ್ಕೆ ಪುಟ್ಟ ಸ್ಪೀಕರ್, ಕೈಯಲ್ಲಿ ಮೈಕು. ವಯಸ್ಸು ನಲವತ್ತು ದಾಟಿರಬೇಕು.

‘ಎಡ ಸೊಂಟ. ಹಳೆಯ ಪೆಟ್ಟು. ಮೂಳೆ ಸರಿಯಾಗಿ ಕೂಡಿಲ್ಲ’ ಎಂದಿತು ಅವಳ ಮನಸ್ಸು.

ಅದು ಅವಳ ಕಸುಬಿನ ಚಾಳಿ. ಹದಿಮೂರು ವರ್ಷದಿಂದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಯಾರು ಎದುರು ಬಂದರೂ ಮುಖಕ್ಕಿಂತ ಮೊದಲು ನಡಿಗೆ ಕಾಣುತ್ತಿತ್ತು.

ಇವತ್ತಾದರೂ ಅದನ್ನು ಮನೆಯಲ್ಲಿ ಬಿಟ್ಟು ಬರಬೇಕಿತ್ತು ಎಂದುಕೊಂಡಳು. ಇವತ್ತು ಅವಳು ಬರೀ ಅಭಿಮಾನಿ. ಹದಿನೈದನೇ ವಯಸ್ಸಿನಿಂದ ಮೂವತ್ತಾರರವರೆಗೆ ಒಂದೇ ಸಿನಿಮಾದ, ಅದರಲ್ಲೂ ಒಂದೇ ದೃಶ್ಯದ ಅಭಿಮಾನಿ.

ಆ ದೃಶ್ಯದಲ್ಲಿ ಹೀರೋ ತಾರಸಿಯಿಂದ ತಾರಸಿಗೆ ಓಡುತ್ತಾನೆ. ಕ್ಯಾಮೆರಾ ಅವನ ಹಿಂದೆಯೇ ಓಡುತ್ತದೆ. ಕೊನೆಯ ತಾರಸಿ ಮುಗಿಯುತ್ತದೆ, ಕೆಳಗೆ ಆಳವಾದ ಓಣಿ. ಅವನು ನಿಲ್ಲುವುದಿಲ್ಲ. ಹಾರುತ್ತಾನೆ.

ಪಾರ್ಶ್ವವಾಯು ಬಡಿದು ಮಲಗಿದ್ದ ಅವಳ ಅಪ್ಪ ಆ ದೃಶ್ಯವನ್ನು ದಿನಕ್ಕೆ ನಾಲ್ಕು ಸಲ ಹಾಕಿಸಿಕೊಂಡು ನೋಡುತ್ತಿದ್ದರು. ಹೀರೋ ಹಾರುವ ಹೊತ್ತಿಗೆ ಹೊದಿಕೆಯೊಳಗೆ ಅಪ್ಪನ ಬಲಗಾಲಿನ ಹೆಬ್ಬೆರಳು ಅಲುಗುತ್ತಿತ್ತು. ಇನ್ನು ಅಲುಗುವುದೇ ಇಲ್ಲ ಎಂದು ಡಾಕ್ಟರು ಕೈಬಿಟ್ಟಿದ್ದ ಕಾಲು ಅದು. ಆ ಬೆರಳನ್ನು ನೋಡಿಯೇ ಅವಳು ಈ ಕಸುಬು ಹಿಡಿದಳು. ಅಪ್ಪ ಮುಂದೆ ಎಂಟು ವರ್ಷ ಬದುಕಿದರು, ಕೋಲೂರಿಕೊಂಡು ಬಾಗಿಲವರೆಗೂ ನಡೆದರು.

ಅಪ್ಪ ಹೋದ ಮೇಲೂ ಅವಳು ಆ ದೃಶ್ಯವನ್ನು ಬಿಡಲಿಲ್ಲ.

“ಬನ್ನಿ, ಇದೇ ನಮ್ಮ ಹಳೇ ಪೇಟೆ ಸೆಟ್” ಎಂದ ಗೈಡ್.

ಮುಂದಿನಿಂದ ನೋಡಿದರೆ ಕಲ್ಲಿನ ಮನೆಗಳು. ಪಕ್ಕಕ್ಕೆ ಸರಿದರೆ ಪ್ಲೈವುಡ್ ಹಲಗೆ, ಕಬ್ಬಿಣದ ಕಂಬಿ, ತುಕ್ಕು ಹಿಡಿದ ಮೊಳೆ. ಒಂದು ಮನೆಗೂ ಒಳಗು ಇರಲಿಲ್ಲ.

“ಇಲ್ಲಿಂದ ಅಲ್ಲಿಗೆ ಹದಿನಾಲ್ಕು ಅಡಿ. ನಮ್ಮ ಹೀರೋ ಡೂಪ್ ಬೇಡ ಅಂತ ಹಟ ಹಿಡಿದು, ಸ್ವತಃ ತಾವೇ ಓಡಿ, ಒಂದೇ ಟೇಕ್‌ನಲ್ಲಿ ಹಾರಿದ್ರು. ಈಗ ನೀವೂ ಮೇಲೆ ನಿಂತು ನೋಡಬಹುದು.”

ಉರು ಹೊಡೆದ ಪಾಠದ ಹಾಗೆ ಹೇಳಿ ಅವನು ಮರದ ಮೆಟ್ಟಿಲು ಹತ್ತತೊಡಗಿದ. ಮೈಭಾರ ಮೇಲೆತ್ತುವಾಗ ಅವನ ಬಲ ಮೊಣಕೈ ರೆಕ್ಕೆಯಂತೆ ಹೊರಗೆ ಚಾಚಿತು. ಕುತ್ತಿಗೆ ಎಡಕ್ಕೆ ವಾಲಿತು.

ಅವಳು ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟಳು.

ಆ ಮೊಣಕೈ... ಆ ಕುತ್ತಿಗೆ... ಸಾವಿರ ಸಲ ನೋಡಿದ್ದಳು. ಹಾರುವುದಕ್ಕೆ ಒಂದು ಹೆಜ್ಜೆ ಮೊದಲು, ಪರದೆಯ ಮೇಲೆ. ಮುಖ ಬದಲಾಗಬಹುದು, ಮೈ ದಪ್ಪವಾಗಬಹುದು, ಕಾಲು ಮುರಿಯಬಹುದು. ದೇಹ ತನ್ನನ್ನು ಎತ್ತಿಕೊಳ್ಳುವ ರೀತಿ ಬದಲಾಗುವುದಿಲ್ಲ. ಅದು ಅವಳಿಗೆ ಗೊತ್ತಿದ್ದಷ್ಟು ಅಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

“ಓಡಿದ್ದು ನೀವು” ಎಂದುಬಿಟ್ಟಳು.

ಅವನು ತಿರುಗಿದ.

“ಹೀರೋ ಅಲ್ಲ. ಇಲ್ಲಿ ಓಡಿದ್ದು, ಹಾರಿದ್ದು ನೀವು. ಅಲ್ವಾ?”

ಎಲ್ಲರೂ ಅವನತ್ತ ನೋಡಿದರು. ಅವನು ಬಾಯಿ ತೆರೆದ. ಮಾತು ಬರಲಿಲ್ಲ. ಸೊಂಟದ ಸ್ಪೀಕರ್‌ನಲ್ಲಿ ಬರೀ ಉಸಿರಿನ ಸದ್ದು. ಕಣ್ಣು ತುಂಬಿ ಬಂತು. ಗುಂಪಿನಲ್ಲಿ ಯಾರೋ ಫೋನ್ ಎತ್ತಿ ಹಿಡಿದಿದ್ದನ್ನು ಅವಳು ಗಮನಿಸಲಿಲ್ಲ.

“ಮೇಡಂ, ನೀವು ತಪ್ಪು ತಿಳ್ಕೊಂಡಿದೀರಿ” ಎಂದ ಕೊನೆಗೆ. “ಮುಂದೆ ನಡೀರಿ ಎಲ್ಲರೂ.”

ಹೊರಬಾಗಿಲಲ್ಲಿ ಅವನು ಅವಳ ಪಕ್ಕಕ್ಕೆ ಬಂದ. ದನಿ ಬಹಳ ತಗ್ಗಿತ್ತು.

“ಯಾಕೆ ಹೀಗೆ ಮಾಡಿದ್ರಿ?”

“ನಿಮಗೆ ಸಂತೋಷ ಆಗುತ್ತೆ ಅಂತ...”

“ನನ್ನ ಸಂತೋಷ ನಿಮ್ಮನ್ನ ಯಾರು ಕೇಳಿದ್ರು?”

*

ವಿಡಿಯೋ ಹನ್ನೆರಡು ಸೆಕೆಂಡ್ ಇತ್ತು. ಅದರಲ್ಲಿ ಅವಳ ಪ್ರಶ್ನೆ, ಅವನ ಮೌನ. ಅವನ ಉತ್ತರ ಬರುವ ಮೊದಲೇ ಯಾರೋ ಕತ್ತರಿಸಿದ್ದರು.

ಮೂರು ದಿನದಲ್ಲಿ ಅದು ಊರೆಲ್ಲ ಸುತ್ತಿತು. ಹೀರೋ ಟಿವಿಯಲ್ಲಿ ನಕ್ಕು, “ಪಾಪ, ಅಭಿಮಾನಿಗಳ ಕಲ್ಪನೆ” ಎಂದ. ಚಾನೆಲ್‌ನವನೊಬ್ಬ ಅವಳ ಆಸ್ಪತ್ರೆಗೇ ಬಂದು ಮೈಕು ಚಾಚಿದ. ಅವಳು ಬಾಗಿಲು ಹಾಕಿಕೊಂಡಳು.

ಮುಂದಿನ ಭಾನುವಾರ ಕ್ಷಮೆ ಕೇಳಲು ಸ್ಟುಡಿಯೋಗೆ ಹೋದರೆ, ಗೇಟಿನ ಕಾವಲುಗಾರ ತಲೆ ಅಲ್ಲಾಡಿಸಿದ.

“ಗೈಡ್ ಸಾರಾ? ಅವರನ್ನ ತೆಗೆದು ಐದು ದಿನ ಆಯ್ತಲ್ಲ. ನೀವೇ ತಾನೇ ಆ ವಿಡಿಯೋದವರು?”

ಕಾವಲುಗಾರನನ್ನು ಕಾಡಿ ಬೇಡಿ ವಿಳಾಸ ಪಡೆದಳು. ಬಟ್ಟೆ ಇಸ್ತ್ರಿ ಮಾಡುವ ಅಂಗಡಿ, ಅದರ ಮೇಲೆ ಎರಡು ಕೋಣೆ. ಅಂಗಡಿ ಅವನ ಅಕ್ಕನದು. ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿದ ಕೈಯಲ್ಲೇ ಹಿಡಿದು ನಿಂತಳು.

“ಓಹೋ, ನೀವೇನಾ? ಬನ್ನಿ. ಇನ್ನೇನು ಉಳಿದಿದೆ ನೋಡ್ಕೊಂಡು ಹೋಗಿ.”

“ನಾನು ಬೇಕಂತ ಮಾಡಿದ್ದಲ್ಲ...”

“ಗೊತ್ತಾ ನಿಮಗೆ? ಆರನೇ ಟೇಕ್‌ನಲ್ಲಿ ಬಿದ್ದ ಇವನು. ಸೊಂಟ ಪುಡಿ. ಆಗ ಇಪ್ಪತ್ತಮೂರು ವರ್ಷ. ಬಾಯಿ ಬಿಡಬಾರದು, ಹಾಗಿದ್ರೆ ಜೀವನಪೂರ್ತಿ ಕೆಲಸ ಕೊಡ್ತೀವಿ ಅಂತ ಬರೆಸ್ಕೊಂಡ್ರು. ಬಿದ್ದ ಜಾಗದಲ್ಲೇ ನಿಂತ್ಕೊಂಡು ಹಾರಿದ್ದು ಹೀರೋ, ನಾನಲ್ಲ ಅಂತ ದಿನಾ ಹೇಳ್ತಾ ಬಂದ. ಹೊಟ್ಟೆಪಾಡು. ನೀವು ಒಂದು ಮಾತಲ್ಲಿ ಅನ್ನ ಕಿತ್ಕೊಂಡ್ರಿ.”

ಮೆಟ್ಟಿಲ ಮೇಲೆ ಅವನು ನಿಂತಿದ್ದ.

“ಅಕ್ಕ, ಸಾಕು” ಎಂದ. ಆಮೇಲೆ ಅವಳತ್ತ ತಿರುಗಿ, “ನಿಮ್ಮವರೇ ತಾನೇ ಫೋನ್ ಹಿಡಿದಿದ್ದು? ಎಷ್ಟು ಜನ ನೋಡಿದ್ರಂತೆ? ತೃಪ್ತಿ ಆಯ್ತಾ?”

“ಅಯ್ಯೋ, ನಾನು ಒಬ್ಬಳೇ ಬಂದಿದ್ದೆ. ಫೋನ್ ಹಿಡಿದಿದ್ದು ಯಾರು ಅಂತಾನೂ...”

“ಇನ್ನು ಬರಬೇಡಿ.”

ಬಾಗಿಲು ಮುಚ್ಚಿತು.

ಅವಳು ಸ್ಟುಡಿಯೋಗೆ ಪತ್ರ ಬರೆದಳು. ತಪ್ಪು ನನ್ನದು, ಅವರು ಇಲ್ಲವೆಂದೇ ಹೇಳಿದರು, ದಯವಿಟ್ಟು ವಾಪಸ್ ತೆಗೆದುಕೊಳ್ಳಿ ಎಂದು ಎರಡು ಪುಟ. ಮೂರು ವಾರದ ಮೇಲೆ ಉತ್ತರ ಬಂತು. ‘ನಿಮ್ಮ ಅನಿಸಿಕೆಗೆ ಧನ್ಯವಾದ. ನಮ್ಮ ಸ್ಟುಡಿಯೋಗೆ ಮತ್ತೊಮ್ಮೆ ಬನ್ನಿ.’

ಅವಳು ಅದನ್ನು ಹರಿದು ಹಾಕಲೂ ಇಲ್ಲ. ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಆ ಸಿನಿಮಾ ಟಿವಿಯಲ್ಲಿ ಬಂದರೆ ಈಗ ಎದ್ದು ಹೋಗುತ್ತಿದ್ದಳು. ಆದರೆ ಬಸ್ಸಿನಲ್ಲಿ ಕೂತಾಗ, ರೋಗಿಯ ಕಾಲು ಹಿಡಿದಾಗ, ಅನ್ನ ಬಡಿಸಿಕೊಳ್ಳುವಾಗ ಒಂದೇ ಮುಖ ಎದುರಿಗೆ ಬರುತ್ತಿತ್ತು. ಮಾತು ಸಿಗದೆ ತೆರೆದು ನಿಂತ ಆ ಬಾಯಿ... ತುಂಬಿದ ಆ ಕಣ್ಣು...

‘ಇದು ಬರೀ ಪಶ್ಚಾತ್ತಾಪ’ ಎಂದು ತನಗೆ ತಾನೇ ಹೇಳಿಕೊಂಡಳು. ನಂಬಿಕೆ ಬರಲಿಲ್ಲ.

*

ನಾಲ್ಕು ತಿಂಗಳ ಮೇಲೆ ಒಂದು ಬೆಳಗ್ಗೆ ಫೋನ್ ಬಂತು. ಅಕ್ಕ.

“ನಿಮ್ಮ ನಂಬರು ಆಸ್ಪತ್ರೇಲಿ ಕೇಳಿ ಇಸ್ಕೊಂಡೆ. ಇವನು ಗೋದಾಮಿನಲ್ಲಿ ಪೆಟ್ಟಿಗೆ ಹೊರೋ ಕೆಲಸಕ್ಕೆ ಸೇರಿದ್ದ. ಮೂರು ದಿನದಿಂದ ಎದ್ದೇ ಇಲ್ಲ. ಡಾಕ್ಟರು ಮಾತ್ರೆ ಕೊಟ್ರು, ವ್ಯಾಯಾಮ ಮಾಡಿಸಬೇಕು ಅಂದ್ರು. ನಂಗೆ ಬೇರೆ ಯಾರೂ ಗೊತ್ತಿಲ್ಲ.”

“ಬರ್ತೀನಿ.”

“ಇನ್ನೊಂದು ಮಾತು. ಆ ಚಾನೆಲ್‌ನವನು ಇಲ್ಲಿಗೂ ಬಂದಿದ್ದ. ಆಸ್ಪತ್ರೇಲಿ ಫಿಸಿಯೋ ಮಾಡೋ ಆ ಹೆಂಗಸಂತೂ ಬಾಯೇ ಬಿಡಲಿಲ್ಲ, ನೀವಾದ್ರೂ ಮಾತಾಡಿ ಅಂದ. ಆವತ್ತು ನಾನು ಸ್ವಲ್ಪ ಜಾಸ್ತಿ ಅಂದೆ ಅನ್ಸುತ್ತೆ.”

“ಇಲ್ಲ ಅಕ್ಕ. ಸರಿಯಾಗೇ ಅಂದ್ರಿ.”

ಮರುದಿನದಿಂದ, ಭಾನುವಾರ ಬಿಟ್ಟು, ಡ್ಯೂಟಿಗೆ ಮೊದಲು, ಬೆಳಗ್ಗೆ ಆರೂವರೆಗೆ ಅವಳು ಆ ಎರಡು ಕೋಣೆಯ ಮನೆಗೆ ಹೋಗತೊಡಗಿದಳು. ಕೆಳಗಿನ ಅಂಗಡಿಯಿಂದ ಬಿಸಿ ಬಟ್ಟೆಯ ವಾಸನೆ ಏರಿ ಬರುತ್ತಿತ್ತು. ಮೊದಲ ವಾರ ಅವನು ಅವಳ ಮುಖ ನೋಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿ, ನೋವಾದಾಗ ಹಲ್ಲು ಕಚ್ಚುತ್ತಿದ್ದ.

“ನೋವಾದ್ರೆ ಹೇಳಿ.”

“ಹೇಳಿದ್ರೆ ಕೆಲಸ ಹೋಗುತ್ತೆ. ಹೇಳೋ ಅಭ್ಯಾಸ ತಪ್ಪಿದೆ.”

ಆ ಮಾತು ಅವಳಿಗೆ ಚುಚ್ಚಿತು. ಚುಚ್ಚಲಿ ಎಂದೇ ಆಡಿದ್ದ. ಅವಳು ತುಟಿ ಬಿಗಿದುಕೊಂಡು ಕಾಲು ಮಡಚಿಸಿದಳು.

ಎರಡನೇ ವಾರ ಕೂತ. ಮೂರನೇ ವಾರ ಗೋಡೆ ಹಿಡಿದು ನಿಂತ. ಅವತ್ತು ಮೊದಲ ಸಲ ಅವನಾಗಿ ಕೇಳಿದ.

“ಬೆನ್ನು ನೋಡಿ ಹೇಗೆ ಕಂಡು ಹಿಡಿದ್ರಿ? ನನ್ನ ಅಕ್ಕನೇ ಆ ಸಿನಿಮಾದಲ್ಲಿ ನನ್ನ ಗುರುತು ಹಿಡಿಯಲಿಲ್ಲ.”

ಅವಳು ಅಪ್ಪನ ವಿಷಯ ಹೇಳಿದಳು. ಹೊದಿಕೆಯೊಳಗಿನ ಹೆಬ್ಬೆರಳು, ಕೋಲು, ಬಾಗಿಲವರೆಗಿನ ನಡಿಗೆ. ಅವನು ಗೋಡೆಯಿಂದ ಮುಖ ತಿರುಗಿಸಿ ಅವಳನ್ನು ನೋಡಿದ.

“ಯಾರೋ ಒಬ್ಬರು ಎದ್ದು ನಡೆದ್ರಾ ಅದರಿಂದ?” ಎಂದ. “ನನಗೆ ಯಾರೂ ಹೇಳಿರಲಿಲ್ಲ.”

“ಅದನ್ನ ಹೇಳೋಕೇ ಅವತ್ತು ಬಾಯಿ ತೆರೆದಿದ್ದು. ಮೊದಲ ಮಾತೇ ತಪ್ಪಿ ಹೋಯ್ತು.”

ಅವನು ಗೋಡೆ ಬಿಟ್ಟು ಮಂಚದ ಮೇಲೆ ಕೂತ. ಮುಖ ಮತ್ತೆ ಗಟ್ಟಿಯಾಯಿತು.

“ಹಾಗಾದ್ರೆ ಇನ್ನು ಬರಬೇಡಿ. ನೀವು ನೋಡೋಕೆ ಬಂದಿರೋದು ಆ ಓಡೋನನ್ನ. ಅವನು ಇಲ್ಲಿಲ್ಲ. ಅವನು ಆವತ್ತೇ ಸತ್ತ. ಇಲ್ಲಿರೋದು ಕುಂಟ, ನಲವತ್ತನಾಲ್ಕು ವರ್ಷದವನು, ಅಕ್ಕನ ಅನ್ನ ತಿನ್ನೋನು.”

ಅವಳಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ತಗ್ಗಿಸಿಕೊಂಡು ಬಂದಿದ್ದ ತಲೆಯನ್ನು ಎತ್ತಿದಳು.

“ಆ ಓಡೋನಿಗೆ ಮುಖಾನೇ ಇರಲಿಲ್ಲ ರೀ. ಮುಖ ಇಲ್ಲದವನ ಜೊತೆ ಯಾರು ಜೀವನ ಮಾಡ್ತಾರೆ? ನಾನು ಬಸ್ಸಲ್ಲಿ ಕೂತ್ರೆ ನೆನಪಾಗೋದು ಈ ಗಂಟು ಮುಖ. ಬೆಳಗ್ಗೆ ಐದಕ್ಕೆ ಏಳ್ತಿರೋದು ಪರದೆ ಮೇಲಿನವನಿಗಲ್ಲ. ನೀವು ಬೈತೀರಿ ಅಂತ ಗೊತ್ತಿದ್ದೂ, ಬೈಸ್ಕೊಳ್ಳೋಕೆ ಬರ್ತಿದೀನಿ. ಇದಕ್ಕೆ ಇನ್ನೇನು ಹೆಸರಿಡಬೇಕೋ ನನಗೆ ಗೊತ್ತಿಲ್ಲ.”

ಚೀಲ ತೆಗೆದುಕೊಂಡು ಬಾಗಿಲ ಕಡೆ ನಡೆದಳು.

“ನಿಲ್ಲಿ.”

ನಿಂತಳು. ತಿರುಗಲಿಲ್ಲ.

“ನಿಮ್ಮಿಂದ ನನ್ನ ಕೆಲಸ ಹೋಯ್ತು.”

“ಹೌದು.”

“ಇಪ್ಪತ್ತು ವರ್ಷ ನುಂಗಿಕೊಂಡು ಉಳಿಸ್ಕೊಂಡಿದ್ದ ಕೆಲಸ. ಇನ್ನು ಅಂಥದ್ದು ಸಿಗಲ್ಲ. ಹಾರಿದ್ದು ನಾನೇ ಅಂತ ನಾಳೆ ಹೇಳಿದ್ರೂ ಯಾರೂ ನಂಬಲ್ಲ. ಕಾಗದದ ಮೇಲೆ ನನ್ನ ಸಹಿ ಇದೆ.”

“ಗೊತ್ತು.”

“ಇದನ್ನ ನಾನು ಮರೆಯಲ್ಲ. ಮರೆತೆ ಅಂತ ಸುಳ್ಳು ಹೇಳೋಕೂ ಬರಲ್ಲ. ಸುಳ್ಳು ಹೇಳಿ ಹೇಳಿ ಸಾಕಾಗಿದೆ.”

“ಮರೀರಿ ಅಂತ ನಾನು ಕೇಳಿಲ್ಲ.”

ಅವನು ಮಂಚದ ಅಂಚು ಹಿಡಿದು ಎದ್ದ. ಗೋಡೆಗೆ ಕೈ ಕೊಡದೆ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಮೂರನೆಯದಕ್ಕೆ ಕಾಲು ತಡೆಯಲಿಲ್ಲ. ಅವಳು ಚೀಲ ಬಿಟ್ಟು ಓಡಿ ಬಂದು ತೋಳು ಕೊಟ್ಟಳು. ಅವನ ಭಾರವೆಲ್ಲ ಅವಳ ಭುಜದ ಮೇಲೆ ಬಿತ್ತು.

ಇಬ್ಬರೂ ಹಾಗೇ ನಿಂತರು. ಅವನ ಎದೆ ಹೊಡೆದುಕೊಳ್ಳುವುದು ಅವಳಿಗೆ ಕೇಳಿಸುತ್ತಿತ್ತು.

“ನೀವು ಬರದ ಭಾನುವಾರಗಳಲ್ಲಿ...” ಎಂದವನು ನಿಲ್ಲಿಸಿದ. “ಬಾಗಿಲ ಕಡೆ ನೋಡ್ತಾ ಇರ್ತೀನಿ. ಅಕ್ಕ ನಗ್ತಾಳೆ.”

ಅವಳ ಕಣ್ಣೀರು ಅವನ ಅಂಗಿಯ ತೋಳಿಗೆ ಇಳಿಯಿತು.

“ಜಗಳ ಬಂದಾಗೆಲ್ಲ ಆ ಕೆಲಸದ ಮಾತು ಎತ್ತಿ ಆಡ್ತೀನಿ” ಎಂದ ಅವನು. “ಯೋಚನೆ ಮಾಡ್ಕೊಳ್ಳಿ.”

“ಆಡಿ. ಕೇಳಿಸ್ಕೊಳ್ತೀನಿ. ಆದ್ರೆ ಹೀಗೆ ಬಹುವಚನದಲ್ಲಿ ಜಗಳ ಆಡಿದ್ರೆ ಮನೆ ಜಗಳ ಅನ್ಸಲ್ಲ. ಆಫೀಸಿನದ್ದು ಅನ್ಸುತ್ತೆ.”

ಅವನು ಅವಳ ಮುಖ ನೋಡಿದ. ತುಟಿ ಸ್ವಲ್ಪವೇ ಸಡಿಲವಾಯಿತು. ಅದನ್ನು ನಗು ಎನ್ನಲಾಗದು.

“ಸರಿ... ಮೆಲ್ಲಗೆ ಹಿಡ್ಕೋ. ನೋಯ್ತಿದೆ.”

“ಎಲ್ಲಿ?”

“ಎಲ್ಲ ಕಡೆ.”

“ಕೂತ್ಕೋ” ಎಂದಳು ಅವಳು. “ಮೊದಲು ಕಾಲಿಂದ ಶುರು ಮಾಡೋಣ.”