ಬಿಳಿ ದೋಣಿಯ ಕೆಂಪು ಪುಡಿ

೧೯೬೬ರ ವಿಜಯದಶಮಿ. ಪಟಾಲಮ್ಮನವರೂ ನಾನೂ ಹೆಬ್ಬಾಳ ಕೆರೆಯ ದಡ ಮುಟ್ಟುವಷ್ಟರಲ್ಲಿ ಸೇರಿದ್ದ ಜನ, ದೋಣಿ ಕಟ್ಟುವ ಗಯಾಸನ ಎರಡೂ ಕೈಗಳನ್ನು ಹಾಯಿಯ ಹಗ್ಗದಿಂದಲೇ ಕಟ್ಟಿ ಕೂರಿಸಿದ್ದರು. ಪೊಲೀಸರು ಬಂದು ಎಳೆದೊಯ್ಯುವುದಷ್ಟೇ ಬಾಕಿ. ಶಾಲಾ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದ ಪಟಾಲಮ್ಮ, ಕೆಂಪಾಪುರದ ಸುತ್ತಮುತ್ತ ಏನು ಎಡವಟ್ಟಾದರೂ ಮೊದಲು ನೆನಪಾಗುವವರು. ನಾನು ಅವರ ಹಿಂದೆ ಕೊಡೆ ಹಿಡಿದು ತಿರುಗುವ ಮೇಷ್ಟ್ರು.

ದೋಣಿ ಎಂಜಿನಿಯರ್ ವೆಂಕಟರಾಮಯ್ಯನವರದು. ಗಾಜಿನ ನಾರಿನ ಹಾಸಿನ ಮೇಲೆ ರಾಳ ಬಳಿದು, ಅಚ್ಚಿನಲ್ಲಿ ಗಟ್ಟಿಮಾಡಿದ ಫೈಬರ್‌ಗ್ಲಾಸ್ ದೋಣಿ. ಒಳಗೆ ಒಂದು ಸಂಸಾರ ಮಲಗುವಷ್ಟು ಗೂಡು, ಸ್ಟೌವ್ ಇಡಲೊಂದು ಮೂಲೆ. ತಳದಲ್ಲಿ, ದೋಣಿ ವಾಲದಂತೆ ತಡೆಯುವ ಒಂದೇ ಆಳವಾದ ರೆಕ್ಕೆಯ ಬದಲು ಎರಡು ಗಿಡ್ಡ ರೆಕ್ಕೆ. ಬೇಸಿಗೆಯಲ್ಲಿ ಕೆರೆ ತಗ್ಗಿದರೂ ಕೆಸರಿನಲ್ಲಿ ನೆಟ್ಟಗೆ ನಿಲ್ಲಲೆಂದು. ಗಯಾಸ್ ಅದನ್ನು ಕೈಯಾರೆ ಕಟ್ಟಿದವನು. ಆ ಬೆಳಗ್ಗೆ ನೀರಿಗಿಳಿಸಿದ ಕೂಡಲೇ ಹಿಂಭಾಗ ಮುಳುಗತೊಡಗಿತ್ತು. ಎಳೆದು ತಂದು ನೋಡಿದರೆ ರೆಕ್ಕೆಯ ಬುಡದಲ್ಲಿ ಡ್ರಿಲ್ಲಿನಿಂದ ಕೊರೆದ ತೂತುಗಳು.

"ದೋಣಿ ಇಟ್ಟಿದ್ದ ಶೆಡ್ಡಿನ ಬೀಗದ ಕೈ ರಾತ್ರಿಯೆಲ್ಲಾ ನಮ್ಮನೆ ಮೊಳೇಲೇ ಇತ್ತಲ್ಲಾ ಮೇಡಂ," ಎಂದು ವೆಂಕಟರಾಮಯ್ಯ ತಲೆ ಹಿಡಿದುಕೊಂಡರು.

"ಇವ್ನು ಇನ್ನೊಂದು ಮಾಡಿಸ್ಕೊಂಡಿರ್ತಾನೆ ಭಾವ!" ಅವರ ಮನೆಯಲ್ಲೇ ಇದ್ದ ಭಾಮೈದ ಮುನಿಕೃಷ್ಣಪ್ಪ ಗುಡುಗಿದ. "ನೆನ್ನೆ ಆಯುಧಪೂಜೆ ಆದ್ಮೇಲೆ ನಮ್ಮೋರು ಯಾರಾದ್ರೂ ಸಾಮಾನು ಮುಟ್ತಾರೇನ್ರೀ? ಇವ್ನಿಗೆಲ್ಲಿ ಪೂಜೆ, ಎಲ್ಲಿ ಮಡಿ!"

ಸೇರಿದ್ದವರೆಲ್ಲ ಹೌದೌದೆಂದರು. ಮುನಿಕೃಷ್ಣಪ್ಪ ತುಂಬುತೋಳಿನ ಅಂಗಿಯೊಳಗೆ ಬೆರಳು ತೂರಿಸಿ ಪರಪರ ಕೆರೆದುಕೊಳ್ಳುತ್ತಿದ್ದ.

"ಏನಪ್ಪಾ ಅದು?" ಎಂದರು ಪಟಾಲಮ್ಮ.

"ಕಂಬಳಿಹುಳ ಮೇಡಂ. ಹಬ್ಬದ ಸ್ನಾನಕ್ಕೆ ಸುಡುಸುಡು ನೀರು ಹುಯ್ಕೊಂಡೆ, ಇನ್ನೂ ಜಾಸ್ತಿ ಆಯ್ತು."

"ದೋಣಿ ಒಳಗೆ ಹೋಗಿದ್ಯಾ?"

"ತಿಂಗಳಿಂದ ಆ ಶೆಡ್ಡಿಗೇ ಕಾಲಿಟ್ಟಿಲ್ಲ. ನೆನ್ನೆ ಮಂಗಳಾರತೀನೂ ಬಾಗಿಲಲ್ಲೇ ತಗೊಂಡೆ. ಒಂದೇ ರೆಕ್ಕೆ ಇಡಿ ಅಂತ ನಾನು ಬಡ್ಕೊಂಡ್ರೆ, ಭಾವ ಈ ಸಾಬರವನ ಮಾತು ಕೇಳಿದ್ರು!"

ನಾವಿಬ್ಬರೂ ದೋಣಿಯ ಗೂಡಿಗೆ ತೂರಿದೆವು. ನೀರು ತಾಗದ ಮಂಚದ ಮೇಲೆ ಬಿಳಿ ಪುಡಿ, ಅದರಲ್ಲಿ ಅಲ್ಲಲ್ಲಿ ಕೆಂಪು. ಮೊಣಕೈ ಊರಿ ಬಗ್ಗಿ ನೋಡಿದೆ. ಹೊರಬರುವಷ್ಟರಲ್ಲಿ ತೋಳಿಗೆ ಮುಳ್ಳು ಚುಚ್ಚಿದಂಥ ತುರಿಕೆ.

"ಉಜ್ಜಬೇಡಿ ಮೇಷ್ಟ್ರೇ," ಕಟ್ಟಿದ ಕೈಯಲ್ಲೇ ಗಯಾಸ್ ಕೂಗಿದ. "ಗಾಜಿನ ಧೂಳು. ತಣ್ಣೀರು ಸುರ್ಕೊಳ್ಳಿ. ಬಿಸಿನೀರು ಹಾಕಿದ್ರೆ ಚರ್ಮದೊಳಕ್ಕೆ ಇಳೀತದೆ."

"ಧೂಳು ಯಾವಾಗಿನದು?" ಎಂದರು ಪಟಾಲಮ್ಮ.

"ಪೂಜೆಗೆ ಮುಂಚೆ ಒಳಗೆಲ್ಲಾ ಒದ್ದೆಬಟ್ಟೇಲಿ ಒರ್ಸಿದ್ದೆ ಅಮ್ಮಾ."

"ಹೌದು, ನಾನೇ ನೋಡ್ದೆ," ಎಂದರು ವೆಂಕಟರಾಮಯ್ಯ.

ಪಟಾಲಮ್ಮ ಎಲ್ಲರನ್ನೂ ದೋಣಿಯ ಸುತ್ತ ನಿಲ್ಲಿಸಿದರು.

"ತೂತಿನ ಹೊರಗಡೆ ಬಿಳಿ ಮೈ ಚೆಕ್ಕೆ ಎದ್ದಿದೆ. ಡ್ರಿಲ್ಲು ತೂರಿ ಹೊರಬೀಳೋ ಕಡೇನೇ ಹಾಗೆ ಏಳೋದು, ಅಂದ್ರೆ ಗೂಡಲ್ಲಿ ಮಲಗಿ ಒಳಗಿಂದ ಕೊರೆದಿದ್ದಾರೆ. ಪುಡೀಲಿ ಕುಂಕುಮ ಇದೆ. ಅಂದ್ರೆ ಡ್ರಿಲ್ಲಿಗೆ ಪೂಜೆ ಆದ್ಮೇಲೇ ಕೊರೆದಿದ್ದಾರೆ. ಆಗ ಬೀಗದ ಕೈ ವೆಂಕಟರಾಮಯ್ಯನವರ ಮನೇಲಿತ್ತು. ಗಯಾಸನ ಮೈಮೇಲೆ ಗಂದೆ ಇಲ್ಲ ಅಂದ ಮಾತ್ರಕ್ಕೆ ಅವನು ನಿರಪರಾಧಿ ಅಂತಿಲ್ಲ ನಾನು. ಅವನಿಗೆ ತಣ್ಣೀರಿನ ಗುಟ್ಟು ಗೊತ್ತು. ಆದರೆ ತಿಂಗಳಿಂದ ಶೆಡ್ಡಿಗೇ ಕಾಲಿಡದವನಿಗೆ ಬಿಸಿನೀರಿಗೆ ಜಾಸ್ತಿಯಾಗೋ ಈ ಗಾಜಿನ ತುರಿಕೆ ಹೇಗೆ ಬಂತು? ಮುನಿಕೃಷ್ಣಪ್ಪ, ಅಂಗಿ ತೋಳು ಮಡಚು."

ಅವನು ಮಡಚಲಿಲ್ಲ. ವೆಂಕಟರಾಮಯ್ಯನವರೇ ಹೋಗಿ ತೋಳು ಸರಿಸಿದರು. ಮಣಿಕಟ್ಟಿನಿಂದ ಮೊಣಕೈವರೆಗೂ ಕೆಂಪು ಗಂದೆ. ಗಂದೆಯ ನಡುವೆ ಬಿಸಿಲಿಗೆ ಮಿರಮಿರ ಮಿನುಗುವ ಗಾಜಿನ ಎಳೆಗಳು.

"ರೆಕ್ಕೆ ಬುಡ ಬಿರುಕುಬಿಡ್ತು ಅಂತ ಜನ ಆಡ್ಕೋಬೇಕಿತ್ತು," ಅವನು ತೊದಲಿದ. "ನನ್ನ ಡಿಸೈನೇ ಸರಿ ಅನ್ನಬೇಕಿತ್ತು."

"ತೂತು ಸಿಕ್ಕಿಬಿದ್ದಾಗ ಕೈಗೆಟುಕಿದ್ದು ಒಬ್ಬ ಸಾಬರವನ ಕುತ್ತಿಗೆ," ಪಟಾಲಮ್ಮ ಗುಂಪಿನ ಕಡೆ ತಿರುಗಿದರು. "ಕೊರೆದವನು ಒಬ್ಬ. ಹಗ್ಗ ಎಳೆದವರು ಎಷ್ಟು ಜನ್ರಯ್ಯಾ?"

ನಾನು ಗಂಟು ಬಿಚ್ಚಲು ಬಗ್ಗಿದೆ. ಗಯಾಸ್ ಕೈ ಹಿಂದಕ್ಕೆಳೆದುಕೊಂಡು ಎದ್ದು ನಿಂತ.

"ಬೇಡ ಮೇಷ್ಟ್ರೇ. ದೋಣಿ ತೂತು ನಾನು ಮುಚ್ತೀನಿ. ಹಗ್ಗ, ಕಟ್ಟಿದೋರೇ ಬಿಚ್ಲಿ."

ಒಬ್ಬೊಬ್ಬರಾಗಿ ಬಂದರು. ಕೊನೆಯ ಗಂಟು ಮುನಿಕೃಷ್ಣಪ್ಪನದು. ತುರಿಕೆಗೆ ಅವನ ಬೆರಳು ನಿಲ್ಲುತ್ತಿರಲಿಲ್ಲ. ಬಿಚ್ಚುವವರೆಗೂ ಗಯಾಸ್ ಕೈ ಚಾಚಿಯೇ ನಿಂತಿದ್ದ. ಬೆನ್ನ ಹಿಂದೆ ನೀರಿಳಿದ ದೋಣಿ, ತನ್ನೆರಡು ಗಿಡ್ಡ ರೆಕ್ಕೆಗಳ ಮೇಲೆ ನೆಟ್ಟಗೆ ನಿಂತಿತ್ತು.