ಝಾಲ್ ಬ್ಯಾಡ ಎಂದ ಮಗು

2024ರ ಡಿಸೆಂಬರ್ 18, ಬುಧವಾರ. ಮಧ್ಯಾಹ್ನ 12.40ಕ್ಕೆ ಕೊಲ್ಕತ್ತದ ಲೇಕ್ ಮಾರ್ಕೆಟ್‌ನ ಕಾಫಿಪುಡಿ ಅಂಗಡಿಯ ಚಂದ್ರಶೇಖರ ಅಯ್ಯರ್ ಒಂದು ಹೆಣ್ಣುಮಗುವಿನ ಕೈಹಿಡಿದು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಮಗುವಿಗೆ ಐದು ವರ್ಷವಿರಬಹುದು. ತಲೆಗೆ ಮಂಕಿ ಕ್ಯಾಪ್, ಕೊರಳಲ್ಲಿ ಗುಲಾಬಿ ಬಣ್ಣದ ನೀರಿನ ಬಾಟಲಿ.

"ಹತ್ತು ಇಪ್ಪತ್ತಕ್ಕೆ ಇದರ ಅಪ್ಪ ಬಂದ. ಐದು ನಿಮಿಷ ಕೂರಿಸಿಕೊಂಡಿರಿ ಅಂದ. ಹೋದವನು ಬರಲೇ ಇಲ್ಲ," ಎಂದು ಅಯ್ಯರ್ ಬಂಗಾಳಿಯಲ್ಲಿ ಹೇಳಿದರು. "ತಮಿಳಲ್ಲಿ ಕೇಳಿದೆ, ಹಿಂದಿಯಲ್ಲಿ ಕೇಳಿದೆ. ಇದು ಕನ್ನಡದ ಮಗು."

ಠಾಣಾಧಿಕಾರಿ ಇನ್ಸ್‌ಪೆಕ್ಟರ್ ಪಾಲಿತ್ ಒಳಗಿನ ಕೋಣೆಯತ್ತ ತಿರುಗಿ ಕೂಗಿದರು. "ರೇಣುಕಾ, ನಿಮ್ಮ ದೇಶದ ಕೇಸು ಬಂದಿದೆ!"

ಸಬ್ ಇನ್ಸ್‌ಪೆಕ್ಟರ್ ರೇಣುಕಾ ಹಿರಿಯಣ್ಣ ಹುಟ್ಟಿದ್ದು ಇದೇ ಠಾಣೆಯ ಹಿಂದಿನ ಓಣಿಯಲ್ಲಿ. ಮನೆಯವರ ಮೂಲ ಊರಾದ ಧಾರವಾಡವನ್ನು ಅವಳು ನೋಡಿದ್ದು ಎರಡೇ ಸಲ. ಅವಳ ಕನ್ನಡ ಅಮ್ಮನ ಅಡುಗೆಮನೆಯಲ್ಲಿ ಕಲಿತದ್ದು. ಹೊಸ್ತಿಲು ದಾಟಿದರೆ ತಡವರಿಸುತ್ತಿತ್ತು.

"ನಿನ್ನ ಹೆಸರೇನವಾ?"

ಮಗು ಅವಳ ಸಮವಸ್ತ್ರವನ್ನು ನೋಡಿತು. "ತನ್ಮಯಿ."

"ಅಪ್ಪನ ಹೆಸರು?"

"ಅಪ್ಪ."

"ಊರು ಯಾವುದು?"

"ನಮ್ಮೂರು."

"ಅಪ್ಪ ಎಲ್ಲಿ ಹೋಗ್ಯಾರ?"

"ಅಮ್ಮುನ್ನ ಕರ್ಕೊಂಡ್ ಬರಕ್ಕೋಗವ್ರೆ."

"ಅಮ್ಮ ಎಲ್ಲಿದ್ದಾರ?"

"ಇಲ್ಲೇಯ. ಕೊಲ್ಕತ್ತಾದಲ್ಲವ್ರೆ." ಇಷ್ಟೂ ಗೊತ್ತಿಲ್ಲವೇ ಎಂಬಂತಿತ್ತು ಆ ದನಿ. "ಮಳೆ ಬತ್ತಿತ್ತಲ್ಲ, ಆವಾಗ್ಲೇ ಬಂದ್ರು."

1.30ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 93, ಮಗುವನ್ನು ತೊರೆದು ಹೋದ ಅಪರಾಧ. ಆರೋಪಿ ಅಪರಿಚಿತ ತಂದೆ. ಕಾನ್‌ಸ್ಟೇಬಲ್ ನಿಮಾಯ್ ಮಂಡಲ್ ಅಂಗಡಿಯ ಮುಂದೆ ಪಂಚನಾಮೆ ಬರೆದ. ಮರದ ಸ್ಟೂಲು ಒಂದು, ಅರ್ಧ ತಿಂದ ಬಿಸ್ಕತ್ತು ಒಂದು. ನಾಳೆ ಮಧ್ಯಾಹ್ನದೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕಿತ್ತು. ಅಷ್ಟರಲ್ಲಿ ಬಂಧುಗಳು ಸಿಗದಿದ್ದರೆ ಬಾಲಮಂದಿರ. ರೇಣುಕಾ ಅಲ್ಲಿಗೆ ಎಷ್ಟೋ ಮಕ್ಕಳನ್ನು ಬಿಟ್ಟು ಬಂದಿದ್ದಳು. ಕನ್ನಡದಲ್ಲಿ ನೀರು ಎಂದರೆ ಅರ್ಥವಾಗಿ ನೀರು ಕೊಡುವವರು ಅಲ್ಲಿ ಯಾರೂ ಇರಲಿಲ್ಲ.

ಎದುರಿನ ಔಷಧಿ ಅಂಗಡಿಯ ಕ್ಯಾಮೆರಾದಲ್ಲಿ ಆ ಮನುಷ್ಯ ಸಿಕ್ಕ. ಬೂದು ಸ್ವೆಟರ್, ಹೆಗಲಿಗೆ ನೀಲಿ ಚೀಲ. 10.23ಕ್ಕೆ ಹೊರಟವನು ಎರಡು ಸಲ ಹಿಂದೆ ತಿರುಗಿ ನೋಡಿದ್ದ. ಮೆಟ್ರೋ ಮೆಟ್ಟಿಲವರೆಗೆ ಹೋಗಿ, ಇಳಿಯದೆ ಎಡಕ್ಕೆ ತಿರುಗಿದ್ದ. ಮುಂದಿನ ಓಣಿಗಳಲ್ಲಿ ಕ್ಯಾಮೆರಾ ಇರಲಿಲ್ಲ.

"ಗಂಡ ಹೆಂಡಿರ ಜಗಳ," ಎಂದರು ಪಾಲಿತ್. "ಹೆಂಡತಿ ಓಡಿಬಂದಿದ್ದಾಳೆ. ಇವನು ಮಗುವನ್ನು ಅವಳಿರುವ ಊರಿಗೆ ತಂದು ಎಸೆದು ಹೋಗಿದ್ದಾನೆ. ಆ ಹೆಂಗಸನ್ನು ಹುಡುಕಿ."

ರೇಣುಕಾಳಿಗೂ ಹಾಗೆಯೇ ಅನ್ನಿಸಿತು.

2.10ಕ್ಕೆ ನಿಮಾಯ್ ಮೆಸ್ಸಿನಿಂದ ಅನ್ನ, ಮೊಟ್ಟೆಸಾರು ತಂದ. "ತಿನ್ನು, ಮಾ. ಚಳಿಗೆ ನಮ್ಮ ಹಾಗೆ ಮಂಕಿ ಕ್ಯಾಪ್ ಹಾಕಿದ ಮೇಲೆ ನೀನೂ ಬಂಗಾಳಿಯೇ," ಎಂದು ಅವಳ ಟೋಪಿಯ ತುದಿ ಎಳೆದ. ಮಗು ಒಂದು ತುತ್ತು ಬಾಯಿಗಿಟ್ಟು ನಾಲಿಗೆ ಹೊರಚಾಚಿತು.

"ಝಾಲ್ ಐತೆ. ಝಾಲ್ ಬ್ಯಾಡ."

ನಿಮಾಯ್ ನಕ್ಕ. "ನೋಡಿ, ಬಂಗಾಳಿ ಬರುತ್ತೆ!"

ರೇಣುಕಾ ನಗಲಿಲ್ಲ. ಐತೆ, ಬರಕ್ಕೋಗವ್ರೆ ಎನ್ನುವ ಮಗು ಮಂಡ್ಯದ ಕಡೆಯದು. ಅಲ್ಲಿ ಖಾರಕ್ಕೆ ಯಾರೂ ಝಾಲ್ ಎನ್ನುವುದಿಲ್ಲ. ಕನ್ನಡ ಆಡುತ್ತಾ ಆಡುತ್ತಾ ಸಾರಿನ ಹತ್ತಿರ ಬಂದಾಗ ಮಾತ್ರ ಝಾಲ್ ಎನ್ನುವವರು ಅವಳಿಗೆ ಗೊತ್ತಿದ್ದರು. ಅವಳ ಮನೆಯವರೇ ಹಾಗನ್ನುತ್ತಿದ್ದರು. ಈ ಮಗುವಿಗೆ ಅನ್ನ ಕಲಸಿ ತಿನ್ನಿಸಿದವಳು ಕೊಲ್ಕತ್ತದಲ್ಲಿ ಬೆಳೆದ ಕನ್ನಡದ ಹೆಣ್ಣು.

ರೇಣುಕಾ ತನ್ನ ಅಮ್ಮನಿಗೆ ಫೋನ್ ಮಾಡಿದಳು. "ಅವ್ವಾ, ನಮ್ಮ ಕನ್ನಡದವರ ಹುಡುಗಿ ಯಾರರ ಮಂಡ್ಯದ ಕಡೆ ಲಗ್ನ ಆಗ್ಯಾರೇನು?"

"ರಾಜಲಕ್ಷ್ಮಿ ಮಗಳು ಮೈತ್ರಿ. ಮೈಸೂರಿಗೆ ಓದಾಕ ಹೋಗಿ, ಬ್ಯಾರೆ ಜಾತಿ ಹುಡುಗನ್ನ ಮಾಡಿಕೊಂಡ್ಲಲ್ಲ. ಯಾಕ?"

"ಸುಮ್ನ."

"ಪೊಲೀಸರು ಸುಮ್ನ ಕೇಳ್ತಾರೇನು? ಆ ಮನ್ಯಾಗ ಅಕಿ ಹೆಸರು ತೆಗಿಬ್ಯಾಡ ಮತ್ತ."

3.25ಕ್ಕೆ ರೇಣುಕಾ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಎರಡನೆಯ ಮಹಡಿಯಲ್ಲಿ ರಾಜಲಕ್ಷ್ಮಿಯವರ ಮನೆಯ ಬೆಲ್ ಒತ್ತಿದಳು. ಬಾಗಿಲು ತೆರೆದವರಿಗೆ ಅರವತ್ತು ದಾಟಿತ್ತು. ಒಳಗೆ ಗೋಡೆಯ ಮೇಲೆ ಗಂಡ ಬಾಲಕೃಷ್ಣರ ಫೋಟೋ, ಅದಕ್ಕೆ ಹಾರ. ರೇಣುಕಾ ಮೊಬೈಲಿನಲ್ಲಿ ಮಗುವಿನ ಚಿತ್ರ ತೋರಿಸಿದಳು.

"ಇದು ಮೈತ್ರಿ ಚಿಕ್ಕವಳಿದ್ದಾಗಿಂದು. ನಿನಗೆ ಎಲ್ಲಿ ಸಿಕ್ತಮ್ಮ?" ಎಂದರು ರಾಜಲಕ್ಷ್ಮಿ.

"ಇದನ್ನ ಇವತ್ತು ತೆಗೆದದ್ದು. ನಿಮ್ಮ ಮೊಮ್ಮಗಳು. ಠಾಣೆಯಾಗ ಇದ್ದಾಳ."

ರಾಜಲಕ್ಷ್ಮಿ ಕುರ್ಚಿಯ ಬೆನ್ನು ಹಿಡಿದುಕೊಂಡರು. "ಮೈತ್ರಿ?"

"ಇದೇ ಊರಾಗ ಇದ್ದಾಳಂತ. ಮಗು ಹೇಳ್ತದ. ಇಲ್ಲಿಗೆ ಬರಲಿಲ್ಲೇನು?"

ಈ ಮಾತನ್ನು ಆಡಬಾರದಿತ್ತು. ಐದು ವರ್ಷದ ಮಗುವಿನ ಹೇಳಿಕೆ, ಇನ್ನೊಂದು ಸಾಕ್ಷಿಯಿಲ್ಲ. ಹನ್ನೊಂದು ವರ್ಷ ನೌಕರಿ ಮಾಡಿದವಳಿಗೆ ಇದು ತಿಳಿದಿರಬೇಕಿತ್ತು.

"ಹೆದರಿರ್ತಾಳೆ," ಎಂದರು ರಾಜಲಕ್ಷ್ಮಿ. ಅವರ ಮುಖಕ್ಕೆ ಬಣ್ಣ ಬಂದಿತ್ತು. ಗೋಡೆಯ ಫೋಟೋದತ್ತ ಕೈ ತೋರಿಸಿದರು. "ಇವರು ಹೋಗಿದ್ದು ಅವಳಿಗೆ ಗೊತ್ತಿಲ್ಲ. ಮಗು ಹುಟ್ಟಿದಾಗ ಒಂದು ಪತ್ರ ಬರೆದಿದ್ಲು. ಉತ್ತರ ಬರೀಬೇಡ ಅಂದ್ರು ಇವರು. ಇವರು ಹೋದಮೇಲೆ ಫೋನ್ ಮಾಡೋಣ ಅಂದ್ಕೊಂಡೆ. ಏನಂತ ಶುರು ಮಾಡ್ಲಿ ಹೇಳು?"

ಪತ್ರ ಅಕ್ಕಿ ಡಬ್ಬಿಯ ಕೆಳಗಿತ್ತು. ಕೊನೆಯಲ್ಲಿ ಅಳಿಯ ಯಶವಂತನ ಹೆಸರು, ಮೊಬೈಲ್ ಸಂಖ್ಯೆ. ರೇಣುಕಾ ಅದನ್ನು ಬರೆದುಕೊಂಡು ಇಳಿಯುವಾಗ ಮೇಲಿನಿಂದ ಅಕ್ಕಿ ತೊಳೆಯುವ ಸದ್ದು ಕೇಳಿತು.

ಸಂಖ್ಯೆ ಚಾಲ್ತಿಯಲ್ಲಿತ್ತು. ಯಾರೂ ಎತ್ತಲಿಲ್ಲ. 4.50ಕ್ಕೆ ಕಾಳಿಘಾಟಿನ ಲಾಡ್ಜೊಂದರ ರಿಜಿಸ್ಟರಿನಲ್ಲಿ ಅದೇ ಹೆಸರು ಸಿಕ್ಕಿತು. ಡಿಸೆಂಬರ್ 16ರಿಂದ ಮೂರು ದಿನಕ್ಕೆ. ಗಂಡಸು ಒಬ್ಬ, ಮಗು ಒಂದು. ಮ್ಯಾನೇಜರನ ಪ್ರಕಾರ ನಿನ್ನೆ ಝೂ ನೋಡಿ ಬಂದಿದ್ದರು. ಯಾವ ಹೆಂಗಸೂ ಬಂದಿರಲಿಲ್ಲ.

5.20ಕ್ಕೆ ಆ ಮೊಬೈಲಿನ ಟವರ್ ಮಾಹಿತಿ ಬಂತು. ಪಾಲಿತ್ ಅದನ್ನು ಎರಡು ಸಲ ಓದಿದರು. "ಇದು ನಮ್ಮ ಠಾಣೆಯದೇ ಟವರ್ ಅಲ್ಲವೇ?"

ನಿಮಾಯ್ ಕಿಟಕಿಯಿಂದ ಬಗ್ಗಿ ನೋಡಿದ. ರಸ್ತೆಯ ಆಚೆ ಚಹಾ ಅಂಗಡಿಯ ಬೆಂಚಿನ ಮೇಲೆ ಬೂದು ಸ್ವೆಟರಿನವನು ಕೂತಿದ್ದ. ಅವನ ಕಾಲ ಬಳಿ ಚಹಾ ಕುಡಿದಿಟ್ಟ ಒಂಬತ್ತು ಮಣ್ಣಿನ ಕುಡಿಕೆಗಳಿದ್ದವು. ಅಯ್ಯರ್ ಮಗುವನ್ನು ಕರೆತಂದಾಗಿನಿಂದ ಅಲ್ಲೇ ಇದ್ದಾನೆ ಎಂದ ಚಹಾದವನು. ರೇಣುಕಾ ಮುಂದೆ ನಿಂತಾಗ ಅವನೇ ಎದ್ದ.

"ಮಗೀಗೆ ಅನ್ನ ಕೊಟ್ರಾ ಮೇಡಂ?"

ಮಗುವಿನ ಕಣ್ಣಿಗೆ ಬೀಳದಂತೆ ಅವನನ್ನು ಹಿಂಬಾಗಿಲಿನಿಂದ ಕರೆತಂದರು. ವಿಚಾರಣೆ ಪಾಲಿತರ ಕೋಣೆಯಲ್ಲಿ ನಡೆಯಿತು. ಮಗು ಹೊರಗಿನ ಬೆಂಚಿನ ಮೇಲೆ ನಿಮಾಯ್ ಕೊಟ್ಟ ಕಾಗದದಲ್ಲಿ ಝೂ ಚಿತ್ರ ಬರೆಯುತ್ತಿತ್ತು.

"ಮಗುವನ್ನ ಯಾಕ ಬಿಟ್ಟು ಹೋದಿ?"

"ಬುಡ್ಲಿಲ್ಲ."

"ಮೈತ್ರಿ ಎಲ್ಲಿ?"

ಅವನು ತಲೆ ತಗ್ಗಿಸಿ ನೀಲಿ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ.

"ನಿನ್ನ ಹೆಂಡತಿ ಎಲ್ಲಿ, ಯಶವಂತ?"

"ಜುಲೈನಲ್ಲಿ ತೀರ್ಕೊಂಡ್ಲು. ಜ್ವರ. ಮೂರೇ ದಿನ."

ರೇಣುಕಾಳ ಪೆನ್ನು ನಿಂತಿತು. ಕನ್ನಡ ಬಾರದ ಪಾಲಿತ್ ಅವಳ ಮುಖ ನೋಡಿ, ನೀರಿನ ಲೋಟವನ್ನು ಅವನ ಮುಂದೆ ಸರಿಸಿದರು.

"ಮಗು ಅಮ್ಮ ಕೊಲ್ಕತ್ತಾದಾಗ ಇದ್ದಾಳ ಅಂತದ."

"ನಾನೇ ಅಂಗಂದಿದ್ದೆ. ಆಸ್ಪತ್ರೆಯಿಂದ ಬಂದಾಗ ಅಮ್ಮ ಎಲ್ಲಿ ಅಂತು. ಬಾಯಿಗೆ ಈ ಊರೇ ಬಂತು. ಅವ್ಳು ಯಾವಾಗ್ಲೂ ಇದ್ರ ಮಾತೇ ಆಡೋಳು. ಟ್ರಾಮು, ಸರೋವರ, ಅವ್ರಮ್ಮ. ಆಮ್ಯಾಕೆ ದಿನಾ ಬೆಳಿಗ್ಗೆ ಎದ್ರೆ ಕೊಲ್ಕತ್ತಾಕ್ಕೆ ಓಗಾನ ಅನ್ನದು. ಐದು ತಿಂಗ್ಳು ಮೇಡಂ."

"ಅದಕ್ಕ ಬಂದ್ಯಾ?"

"ಒಂದ್ಸಲ ತೋರ್ಸ್‌ಬುಟ್ರೆ ಬುಡ್ತದೆ ಅಂದ್ಕೊಂಡೆ. ಟ್ರಾಮಲ್ಲಿ ಕುಂತ್ರೂ ಅಮ್ಮ ಎಲ್ಲಿ. ಝೂನಲ್ಲೂ ಅಮ್ಮ ಎಲ್ಲಿ. ಇವತ್ತು ಬೆಳಿಗ್ಗೆ, ಇಲ್ಲೇ ಕೂತಿರು, ಕರ್ಕೊಂಡ್ ಬತ್ತೀನಿ ಅಂದ್ಬುಟ್ಟೆ."

"ಎಲ್ಲಿಗೆ ಹೋದಿ?"

"ಅತ್ತೆ ಮನೆಗೆ. ಅವ್ರದು ಮೈತ್ರಿದೇ ಮುಕ. ಫೋಟೋದಲ್ಲಿ ಕಂಡಿದ್ದೆ. ಅವ್ರುನ್ನಾರ ಕರ್ಕೊಂಡೋದ್ರೆ ಮಗು ಸುಮ್ಕಾಯ್ತದೇನೋ ಅಂತ. ಎರಡ್ನೇ ಮಹಡಿ ಗಂಟ ಅತ್ತಿದೆ. ಒಳಗೆ ಕುಕ್ಕರ್ ಕೂಗ್ತಿತ್ತು. ಬೆಲ್ ಒತ್ತಿದ್ರೆ ಮೊದ್ಲು ನಿಮ್ಮ ಮಗಳು ಸತ್ತೋದ್ಲು ಅನ್ನಬೇಕಲ್ಲ." ಅವನು ಮೊದಲ ಸಲ ತಲೆಯೆತ್ತಿದ. "ವಾಪಸ್ ಅಂಗಡಿತಕ್ಕೆ ಬಂದೆ. ಮಗು ದಾರಿ ನೋಡ್ತಾ ಕುಂತಿತ್ತು. ಕರ್ಕೊಂಡ್ ಬತ್ತೀನಿ ಅಂದಿದ್ನಲ್ಲ. ಬರೀ ಕೈಲಿ ಎಂಗ್ ಓಗ್ಲಿ? ಯಾರ್ನ ಕರ್ಕೊಂಡೋಗ್ಲಿ ಮೇಡಂ?"

6.15ಕ್ಕೆ ಬಂಧನದ ಪತ್ರಕ್ಕೆ ಅವನು ಸಹಿ ಹಾಕಿದ. ಜಾಮೀನು ಸಿಗುವ ಕಲಂ ಅದು. ಯಾರಾದರೂ ಬಂದು ಜಾಮೀನು ನಿಂತರೆ ಬಿಡಬಹುದು ಎಂದರು ಪಾಲಿತ್. ರೇಣುಕಾ ಕೇಸ್ ಡೈರಿಯಲ್ಲಿ ಬರೆದಳು: ಮಗುವನ್ನು ತೊರೆಯುವ ಉದ್ದೇಶ ಕಂಡುಬರುವುದಿಲ್ಲ. ಮಗುವಿಗೆ ಕೊಟ್ಟ ಮಾತು ನಡೆಸಲಾಗದೆ ಅದರ ಮುಂದೆ ಹೋಗಲು ಆರೋಪಿಗೆ ಧೈರ್ಯವಾಗಿಲ್ಲ. ಎರಡನೆಯ ವಾಕ್ಯ ಡೈರಿಯ ಭಾಷೆಯಲ್ಲಿರಲಿಲ್ಲ. ಹೊಡೆದುಹಾಕಲು ಪೆನ್ನೆತ್ತಿ, ಹಾಗೆಯೇ ಬಿಟ್ಟಳು.

ಹೊರಗೆ ಬಂದಾಗ ರಾಜಲಕ್ಷ್ಮಿ ಮೆಟ್ಟಿಲು ಹತ್ತಿ ಬರುತ್ತಿದ್ದರು. ಸೀರೆ ಬದಲಾಯಿಸಿದ್ದರು. ಕೈಯಲ್ಲಿ ನಾಲ್ಕು ಬಟ್ಟಲಿನ ಟಿಫಿನ್ ಕ್ಯಾರಿಯರ್.

"ಸಾರಿಗೆ ಒಂದೇ ಮೆಣಸಿನಕಾಯಿ ಹಾಕಿದೀನಿ," ಎಂದರು ಏದುಸಿರಿನ ನಡುವೆ. "ಮೈತ್ರಿಗೆ ಝಾಲ್ ಆಗಲ್ಲ. ಎಲ್ಲಿ ಅವಳು?"

ರೇಣುಕಾ ಬಾಯಿ ತೆರೆದಳು. ಅಡುಗೆಮನೆಯ ಕನ್ನಡದಲ್ಲಿ ಅದಕ್ಕೆ ಬೇಕಾದ ಮಾತು ಅವಳಿಗೆ ಸಿಗಲಿಲ್ಲ.

ಬೆಂಚಿನ ಮೇಲಿಂದ ಮಗು ಆ ಮುಖವನ್ನೇ ನೋಡುತ್ತಿತ್ತು. ಆಮೇಲೆ ಕಾಗದ ಎತ್ತಿಕೊಂಡು, ಪಕ್ಕಕ್ಕೆ ಸರಿದು, ಜಾಗ ಮಾಡಿತು.

"ಅಪ್ಪ ಅಮ್ಮುನ್ನ ಕರ್ಕೊಂಡ್ ಬರಕ್ಕೋಗವ್ರೆ," ಎಂದಿತು. "ಕೂತ್ಕೊ."

ರಾಜಲಕ್ಷ್ಮಿ ಕೂತರು.