ಮಂಜಿನ ಬೀದಿಯಲ್ಲಿ ಎರಡು ಹಾರ್ನ್

ಮಾರ್ಗಶಿರದ ಮಂಜು ಕೊಳ್ಳೇಗಾಲದ ನೇಕಾರರ ಬೀದಿಗೆ ಇಳಿಯಿತೆಂದರೆ ಎದುರು ಮನೆಯ ರಂಗೋಲಿಯೂ ಕಾಣುತ್ತಿರಲಿಲ್ಲ. ಅಂಥ ಮಂಜಿನೊಳಗಿಂದ ಹುಡುಗಿಯೊಬ್ಬಳು ಎರಡೂ ಕೈ ಚಾಚಿಕೊಂಡು, ಹನೂರಿಗೆ ಹೊರಟ ಮೊದಲ ಬಸ್ಸಿಗೆ ಅಡ್ಡ ನಿಂತಾಗ ಡ್ರೈವರ್ ಚೌಡಯ್ಯನ ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಬಸ್ಸು ನಡೆಯುವವರ ವೇಗದಲ್ಲೇ ಸಾಗುತ್ತಿತ್ತು, ಹಾಗಾಗಿ ತಕ್ಷಣ ನಿಂತಿತು.

"ಏನ್ ಡ್ರೈವರಣ್ಣ, ದಿನಾ ನಮ್ಮನೆ ಮುಂದೇನೇ ಯಾಕೆ ನಿಮ್ಮ ಬಸ್ಸು ಆಮೆ ಆಯ್ತದೆ? ಅದರ ಜೊತೆ ಎಲ್ಡು ಸಲ ಪೊಂ ಪೊಂ ಬೇರೆ! ಬೀದಿಯೋರೆಲ್ಲ ನನ್ನ ಮುಖ ನೋಡಿ ನಗ್ತಾವ್ರೆ."

ರಾಮಲಿಂಗಯ್ಯನ ಮಗಳು ವಸಂತ. ಮುಂಗುರುಳಿನ ಮೇಲೆ ಮಂಜಿನ ಹನಿ, ಮೂಗಿನ ತುದಿಯಲ್ಲಿ ಕೋಪ. ಚೌಡಯ್ಯನಿಗೆ ಎರಡೂ ಚೆಂದ ಕಂಡವು.

"ನಿಮ್ಮ ಹಾಸಿಗೋಸ್ಕರ ಕಣಮ್ಮ" ಎಂದ.

ಬೀದಿಯ ಅಂಚಿನುದ್ದಕ್ಕೂ ಕವೆಗೋಲುಗಳ ಮೇಲೆ ರೇಷ್ಮೆಯ ಹಾಸು ಚಾಚಿತ್ತು. ಬಿಸಿಲೇರುವ ಮುಂಚೆ ಸೀರೆಯ ಉದ್ದದ ನೂಲನ್ನು ಹೀಗೆ ಬಿಗಿದು, ತುಂಡಾದ ಎಳೆ ಕೂಡಿಸಿ ಮಗ್ಗಕ್ಕೇರಿಸುವುದು ಅಲ್ಲಿಯ ವಾಡಿಕೆ.

"ಈ ಮಂಜಲ್ಲಿ ರೇಷ್ಮೆ ಎಳೆ ಎಲ್ಲಿ ಕಾಣ್ತದೆ ಹೇಳಿ. ಒಂದ್ಸಲ ಬಸ್ಸಿಗೆ ಸಿಕ್ಕಂಡ್ರೆ ಪೂರಾ ಹಾಸೇ ಓಯ್ತು. ಮಗ್ಗ ಬಿಟ್ಟು ಸ್ಟೇರಿಂಗ್ ಹಿಡಿದ್ರೂ ನಾನೂ ನೇಕಾರನ ಮಗನೇ ತಾನೆ? ಅದಕ್ಕೇ ನಿಧಾನ. ಹಾರ್ನು ನಿಮ್ಮಪ್ಪಯ್ಯಂಗೆ, ಪಕ್ಕಕ್ಕೆ ಸರ್ಕೊಳ್ಲಿ ಅಂತ."

ವಸಂತಳ ಕೋಪ ಇಳಿಯಿತು. ಅದರ ಜೊತೆಗೆ ಮುಖವೂ ಯಾಕೋ ಸಪ್ಪಗಾಯಿತು.

"ಅಷ್ಟೇನಾ?" ಎಂದಳು. ಸೆರಗು ಎಳೆದುಕೊಂಡು ದಾರಿ ಬಿಟ್ಟಳು.

ಆ ಒಂದು ಮಾತು ಬಸ್ಸು ಹತ್ತಿ ಕೂತು ಹನೂರಿನ ತನಕ ಬಂತು. ಅಷ್ಟೇನಾ ಅಂದರೇನು? ಇನ್ನೇನಿರಬೇಕಿತ್ತು? ಕಾಮಗೆರೆ ದಾಟುವಾಗ ಅರ್ಥವಾಗಿ, ಚೌಡಯ್ಯ ಒಬ್ಬನೇ ನಕ್ಕ. ಕಂಡಕ್ಟರ್ ಚಿಕ್ಕಸಿದ್ದಯ್ಯ ಹೆದರಿಕೊಂಡು, "ಯಾಕ್ಲಾ, ಆರಾಮಾಗಿದ್ದೀಯಾ?" ಎಂದು ಕೇಳಿದ.

ಮಾರನೆಯ ಬೆಳಗ್ಗೆ ಹಾಸಿನ ತುದಿಯ ಕವೆಗೋಲಿಗೆ ಒಂದು ಲಾಟೀನು ತೂಗುತ್ತಿತ್ತು. ಮಂಜಿನಲ್ಲಿ ಆ ಬೆಳಕು ಅರಿಶಿನ ಕಲಸಿದಂತೆ ಹರಡಿತ್ತು. ಪಕ್ಕದಲ್ಲಿ ವಸಂತ.

"ಈಗ ಹಾಸು ಕಾಣ್ತದಲ್ಲ? ಇನ್ನು ಜೋರಾಗಿ ಓಗಿ."

"ಲಾಟೀನು ಕಾಣ್ತದೆ. ಅದರ ಪಕ್ಕ ನಿಂತಿರೋದೂ ಕಾಣ್ತದೆ. ಇನ್ನೆಲ್ಲಿ ಜೋರಾಗಿ ಓಗೋದು?"

ಅವಳು ಬೇರೆಲ್ಲೋ ನೋಡಿದಳು, ಆದರೆ ಕೆನ್ನೆ ನಗುತ್ತಿತ್ತು. ಆವತ್ತಿನಿಂದ ಡ್ರೈವರಣ್ಣನಲ್ಲಿ ಅಣ್ಣ ಉಳಿಯಲಿಲ್ಲ.

ಇನ್ನೊಂದು ದಿನ ಕಿಟಕಿಯಿಂದ ಒಂದು ರೇಷ್ಮೆಯ ಚೂರು ಒಳಗೆ ಬಂತು. "ಗಾಜು ಒರೆಸ್ಕಳಿ. ನೂಲಿನ ಬಟ್ಟೆ ಎಳೆ ಬುಡ್ತದೆ, ಇದು ಬುಡಲ್ಲ." ಚೌಡಯ್ಯ ಅದರಲ್ಲಿ ಗಾಜು ಒರೆಸಿದ್ದು ಎಷ್ಟೋ, ಸುಮ್ಮನೆ ಅಂಗೈಯಲ್ಲಿ ಹಿಡಿದು ಕೂತಿದ್ದು ಎಷ್ಟೋ. ನಿಧಾನದ ಬಸ್ಸನ್ನು ಹನೂರು ಸಂತೆಯವರು 'ಮದುವಣಗಿತ್ತಿ ಬಸ್ಸು' ಎಂದು ಆಡಿಕೊಂಡರೂ ಅವನಿಗೆ ಬೇಸರವಾಗಲಿಲ್ಲ.

ಅವನ ತಾಯಿ ಮಹದೇವಮ್ಮ ಎಲೆ ಅಡಿಕೆ ಹಿಡಿದು ಹೆಣ್ಣು ಕೇಳಲು ಹೋದಳು. ರಾಮಲಿಂಗಯ್ಯ ತಟ್ಟೆ ಮುಟ್ಟಲಿಲ್ಲ.

"ಹುಡುಗ ಒಳ್ಳೆಯವ್ನೇ ಕಣಕ್ಕ. ಆದ್ರೆ ಮೋಟಾರು ಓಡ್ಸೋನ ಹೆಂಡ್ತಿ ದಿನಾ ಸಂಜೆ ರಸ್ತೆ ಕಾಯ್ಕಂಡು, ಜೀವ ಕೈಲಿ ಹಿಡ್ಕಂಡು ಕೂತಿರ್ಬೇಕು. ಆ ಬಾಳು ನನ್ನ ಮಗಳಿಗೆ ಬ್ಯಾಡ."

ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಯಳಂದೂರು ಮೈಸೂರು ಸೀಮೆಗೆ. ಆ ಯಳಂದೂರಿನಿಂದ, ಮಗ್ಗ ಬಿಟ್ಟು ಏಳದ ವರನೊಬ್ಬನನ್ನು ರಾಮಲಿಂಗಯ್ಯ ಹುಡುಕಿಸಿದ. ಅವರು ಹೆಣ್ಣು ನೋಡಲು ಬರುವ ದಿನವೇ ರಾಮಲಿಂಗಯ್ಯ ಹನೂರಿನ ಮದುವೆ ಮನೆಗೆ ಸೀರೆ ಕೊಡಲು ಹೋಗಬೇಕಾಯಿತು. ಸಂಜೆ ವಾಪಸು ಬರಲು ಸಿಕ್ಕಿದ್ದು ಚೌಡಯ್ಯನ ಬಸ್ಸು. ಕೂರಲು ಸಿಕ್ಕಿದ್ದು ಡ್ರೈವರ್ ಪಕ್ಕದ ಸೀಟು.

"ಬೇಗ ಬುಡ್ಲಾ. ದೀಪ ಹಚ್ಚೋ ಒತ್ಗೆ ಗಂಡಿನೋರು ಬತ್ತಾವ್ರೆ."

ತುಂತುರು ಹನಿ, ಅದರ ಮೇಲೆ ಮಂಜು. ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತು, ಕಣ್ಣಿಗೆ ಮೋಸ ಮಾಡುವುದೇ ಅದು. ದೀಪ ಜೋರು ಮಾಡಿದರೆ ಬೆಳಕು ಮಂಜಿಗೆ ಬಡಿದು ತನ್ನ ಮುಖಕ್ಕೇ ರಾಚುತ್ತಿತ್ತು. ಚೌಡಯ್ಯ ದೀಪ ತಗ್ಗಿಸಿದ, ರೇಷ್ಮೆ ಚೂರಿನಿಂದ ಗಾಜು ಒರೆಸಿದ, ವೇಗ ಇಳಿಸಿದ. ಆದರೂ ತನ್ನನ್ನೇ ಕೇಳಿಕೊಂಡ: ಈ ನಿಧಾನ ರಸ್ತೆಗೋ, ನನಗೋ? ಮಂಜು ಇಲ್ಲದಿದ್ದರೆ ಅವನು ಜೋರಾಗಿಯೇ ಓಡಿಸುತ್ತಿದ್ದ, ತನ್ನ ಕೈಯಾರೆ ವಸಂತಳನ್ನು ಕಳೆದುಕೊಳ್ಳುತ್ತಿದ್ದ. ಅದು ಅವನಿಗೆ ಗೊತ್ತಿತ್ತು.

"ನಂಗೊತ್ತು ಕಣ್ಲಾ ನಿನ್ನ ಆಟ. ಗಂಡಿನೋರು ಕಾದು ಕಾದು ಎದ್ದೋಗ್ಲಿ ಅಂತ ತಾನೆ?"

ಹಿಂದಿನವರು ಗೊಳ್ಳೆಂದು ನಕ್ಕರು. ಚೌಡಯ್ಯನ ಕಣ್ಣು ರಸ್ತೆ ಬಿಡಲಿಲ್ಲ.

"ಯಜಮಾನ್ರೆ, ಎಷ್ಟು ದೂರ ಕಾಣ್ತದೋ ಅಷ್ಟ್ರೊಳಗೇ ಬಸ್ಸು ನಿಲ್ಲಂಗಿರ್ಬೇಕು. ಈಗ ನಂಗೆ ಕಾಣ್ತಿರೋದು ಆ ಹುಣಸೆ ಮರದ ತಂಕ. ಆಮೇಲೆ ನೀವು ಬೇಕಾದಂಗೆ ಬೈರಿ."

ಹುಣಸೆ ಮರ ದಾಟಿದ್ದೇ ತಡ, ಮಂಜಿನೊಳಗೆ ಏನೋ ಕಪ್ಪಗೆ ಎದ್ದಿತು. ಚೌಡಯ್ಯ ಬ್ರೇಕ್ ಒತ್ತಿದ. ಬಸ್ಸು ಒಮ್ಮೆ ನಡುಗಿ ನಿಂತಿತು. ಎದುರಿಗೆ ದೀಪವಿಲ್ಲದ ಕಬ್ಬಿನ ಗಾಡಿ, ಚಕ್ರ ಹಿಡಿಯುವ ಕಡಾಣಿ ಮುರಿದು ರಸ್ತೆಗೆ ಅಡ್ಡ ಕೂತಿತ್ತು. ಬಸ್ಸಿನ ಮೂತಿಗೂ ಕಬ್ಬಿನ ಗರಿಗೂ ನಡುವೆ ಒಂದು ಮೊಳ. ಚಕ್ರದ ಬಳಿ ಬಗ್ಗಿದ್ದ ಗಂಡಸು ಬೆಳಕಿಗೆ ತಲೆ ಎತ್ತಿದ. ಅವನ ಪಕ್ಕ ಹೆಂಗಸೊಬ್ಬಳು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು.

ಬಸ್ಸಿನಲ್ಲಿ ಯಾರೂ ನಗಲಿಲ್ಲ.

ರಾಮಲಿಂಗಯ್ಯ ತಾನೇ ಇಳಿದು ಗಾಡಿಗೆ ಹೆಗಲು ಕೊಟ್ಟ. ಗಾಡಿ ಪಕ್ಕಕ್ಕೆ ಸರಿದ ಮೇಲೆ ಬಂದು ಕೂತು, ಟವಲಿನಿಂದ ಹೆಗಲು ಒರೆಸಿಕೊಂಡ. ಆಮೇಲೆ ಮೆತ್ತಗೆ ಹೇಳಿದ, "ನಿಧಾನಕ್ಕೇ ನಡಿ, ಮಗ."

ನೇಕಾರರ ಬೀದಿ ಬಂತು. ಅಲ್ಲಿ ಮಂಜು ತೆಳುವಾಗಿತ್ತು, ಮನೆ ಮನೆಯ ದೀಪ ಕಾಣುತ್ತಿತ್ತು. ಆದರೂ ಚೌಡಯ್ಯ ವೇಗ ಇಳಿಸಿದ. ಪೊಂ, ಪೊಂ.

ರಾಮಲಿಂಗಯ್ಯ ತಿರುಗಿ ನೋಡಿದ. "ಸಂಜೆ ಒತ್ತಲ್ಲಿ ಯಾರ್ಲಾ ಹಾಸು ಚಾಚ್ತಾರೆ? ಈಗ್ಯಾಕೆ ಇದು?"

ಸುಳ್ಳು ಹೇಳಬಹುದಿತ್ತು. ಚೌಡಯ್ಯನಿಗೆ ಅದಕ್ಕೆ ಮನಸ್ಸು ಬರಲಿಲ್ಲ.

"ಅಲ್ಲಿ ತಂಕ ನಿಧಾನ ಮಾಡಿದ್ದು ರಸ್ತೆಗೋಸ್ಕರ, ಯಜಮಾನ್ರೆ. ಇಲ್ಲಿ ಮಾತ್ರ ನಿಮ್ಮ ಮಗಳಿಗೋಸ್ಕರ."

ಬೀದಿಯ ತುದಿಯಲ್ಲಿ ಲಾಟೀನು ಹಿಡಿದು ವಸಂತ ನಿಂತಿದ್ದಳು. ತಲೆಯಲ್ಲಿ ಕನಕಾಂಬರ, ಮೈಮೇಲೆ ಹಸಿರು ರೇಷ್ಮೆ. ಬೇರೆಯವರಿಗೆ ತೋರಿಸಲೆಂದು ಮಾಡಿದ ಸಿಂಗಾರ. ಚೌಡಯ್ಯ ಅವಳನ್ನು ನೋಡಿ ಕಣ್ಣು ತಗ್ಗಿಸಿದ.

ರಾಮಲಿಂಗಯ್ಯ ಇಳಿದ. "ಬಂದಿದ್ರೇನವ್ವ?"

"ಬಂದಿದ್ರು ಅಪ್ಪಯ್ಯ. ಮಂಜು ಇನ್ನೂ ಜಾಸ್ತಿ ಆದ್ರೆ ದಾರಿ ಕಾಣಲ್ಲ ಅಂತ ಬೇಗ ಎದ್ದೋದ್ರು. ನಾಳೆ ಬತ್ತಾರಂತೆ."

"ನಾಳೆ ಬ್ಯಾಡ ಅಂತ ಹೇಳಿ ಕಳಿಸ್ತೀನಿ." ಅವನು ಬಸ್ಸಿನ ಕಡೆ ನೋಡಿದ, ಮಗಳ ಕಡೆ ನೋಡಿದ. "ಡ್ರೈವರ್ ಕೈ ಹಿಡಿದ್ರೆ ದಿನಾ ಸಂಜೆ ಹಿಂಗೇ ರಸ್ತೆ ಕಾಯ್ಬೇಕು. ಕಾಯ್ತೀಯೇನವ್ವ?"

ವಸಂತ ಲಾಟೀನನ್ನು ಎತ್ತಿ ಹಿಡಿದಳು. ಬೆಳಕು ಕಿಟಕಿಯೊಳಗೆ ಹೋಗಿ ಚೌಡಯ್ಯನ ಮುಖದ ಮೇಲೆ ನಿಂತಿತು.

"ನಾನು ಈಗೇನು ಮಾಡ್ತಾ ಇವ್ನಿ ಅಂದ್ಕಂಡ್ರಿ ಅಪ್ಪಯ್ಯ?"

ಹಿಂದಿನಿಂದ ಚಿಕ್ಕಸಿದ್ದಯ್ಯ ಎರಡು ಸಲ ರೈಟ್ ಅಂದ. ಮದುವಣಗಿತ್ತಿ ಬಸ್ಸು ಮಾತ್ರ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.